ವಿಡಿಯೊ ಕರೆಗಂಟೆ: ಬಾಗಿಲಿಗೆ ಕಣ್ಣು ಬಂದ ಮೇಲೆ

ಮೈಸೂರಿನ ಮನೆಯೊಂದರಲ್ಲಿ ಬೆಳಗಿನ 11 ಗಂಟೆಗೆ ಯಾರೋ ಕಾಲಿಂಗ್ ಬೆಲ್ ಒತ್ತಿದರೆ, ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮೊಬೈಲ್ ಅಲ್ಲಿನ ಹಿಂದಿನ ರಾತ್ರಿಯ ಹತ್ತೂವರೆಗೆ ಸದ್ದು ಮಾಡುತ್ತದೆ. ಚಳಿಗಾಲವಾದರೆ ಅಲ್ಲಿ ಸಮಯ ಒಂಬತ್ತೂವರೆ. ಬಾಗಿಲಲ್ಲಿ ನಿಂತವರು ಅಂಚೆಯವರೋ ಅಪರಿಚಿತರೋ ಎಂಬುದನ್ನು ಮನೆಯಲ್ಲಿರುವ ತಾಯಿಗಿಂತ ಮೊದಲೇ ಮಗ ನೋಡಬಹುದು, ಅವರೊಡನೆ ಮಾತನಾಡಲೂಬಹುದು. ಮಕ್ಕಳು ದೂರದಲ್ಲಿದ್ದು ಹಿರಿಯರಷ್ಟೇ ಉಳಿದಿರುವ ಮನೆಗಳಿಗೆ ಬ್ಯಾಟರಿ ಚಾಲಿತ ವಿಡಿಯೊ ಕರೆಗಂಟೆ ಹೀಗೆ ಕಾಲಿಡುತ್ತಿದೆ.

ಗೋಡೆ ಅಗೆಯದೆ, ವಯರಿಂಗ್ ಇಲ್ಲದೆ, ನಾಲ್ಕು ಸ್ಕ್ರೂಗಳಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಈ ಸಾಧನದ ಆಕರ್ಷಣೆ. ಆದರೆ ಒಮ್ಮೆ ಅಳವಡಿಸಿ ಮರೆತುಬಿಡುವ ವಸ್ತು ಇದಲ್ಲ. ಬ್ಯಾಟರಿಯನ್ನು ಯಾರು ಚಾರ್ಜ್ ಮಾಡುತ್ತಾರೆ, ಕರೆಂಟ್ ಹೋದಾಗ ಏನಾಗುತ್ತದೆ, ಕ್ಯಾಮೆರಾ ಯಾರನ್ನೆಲ್ಲ ನೋಡುತ್ತದೆ, ಅದಕ್ಕೆ ಅವರ ಒಪ್ಪಿಗೆ ಇದೆಯೆ ಎಂಬ ಪ್ರಶ್ನೆಗಳಿಗೆ ಮನೆಯವರು ಮೊದಲೇ ಉತ್ತರ ಕಂಡುಕೊಳ್ಳಬೇಕು. ಇಲ್ಲವಾದರೆ ಅಗತ್ಯ ಬಿದ್ದ ದಿನವೇ ಗಂಟೆ ಮೌನವಾಗಿರುತ್ತದೆ.

ಹಿನ್ನೆಲೆ

ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ತಂತಿಯ ಮೂಲಕ ದೂರದಲ್ಲಿದ್ದ ಗಂಟೆಯನ್ನು ವಿದ್ಯುತ್ತಿನಿಂದ ಬಾರಿಸಿ ತೋರಿಸಿದ್ದು 1831ರಲ್ಲಿ. ಬಾಗಿಲಿಗೆ ಕ್ಯಾಮೆರಾ ಜೋಡಿಸುವ ಯೋಚನೆ ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ದಾದಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅವರದು. ಅವರ ಮತ್ತು ಅವರ ಪತಿಯ ಕೆಲಸದ ಸಮಯ ಬೇರೆ ಬೇರೆಯಾಗಿದ್ದರಿಂದ ಅವರು ಮನೆಯಲ್ಲಿ ಒಬ್ಬರೇ ಇರಬೇಕಾಗುತ್ತಿತ್ತು. ಕರೆದರೆ ಪೊಲೀಸರು ಬರುವುದೂ ತಡವಾಗುತ್ತಿತ್ತು. ಎಲೆಕ್ಟ್ರಾನಿಕ್ಸ್ ತಂತ್ರಜ್ಞರಾಗಿದ್ದ ಪತಿ ಆಲ್ಬರ್ಟ್ ಬ್ರೌನ್ ಜತೆ ಸೇರಿ ಅವರು 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ದೊರೆಯಿತು. ಬಾಗಿಲಿನ ಇಣುಕುಕಿಂಡಿಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೆ ಟಿವಿ ಪರದೆ, ಹೊರಗಿನವರೊಡನೆ ಮಾತನಾಡುವ ಮೈಕ್, ದೂರದಿಂದಲೇ ಬಾಗಿಲು ತೆರೆಯುವ ಗುಂಡಿ ಇವೆಲ್ಲ ಅದರಲ್ಲಿದ್ದವು.

ಈ ಯೋಚನೆ ಮೊಬೈಲಿಗೆ ಬಂದದ್ದು ತೀರಾ ಈಚೆಗೆ. ಜೇಮಿ ಸಿಮಿನಾಫ್ ಎಂಬ ಉದ್ಯಮಿ 'ಡೋರ್‌ಬಾಟ್' ಎಂಬ ಸಾಧನವನ್ನು 2013ರಲ್ಲಿ ಅಮೆರಿಕದ 'ಶಾರ್ಕ್ ಟ್ಯಾಂಕ್' ಟಿವಿ ಕಾರ್ಯಕ್ರಮದಲ್ಲಿ ಪ್ರದರ್ಶಿಸಿ ಬಂಡವಾಳ ಸಿಗದೆ ಹಿಂದಿರುಗಿದ್ದರು. ಅದೇ ಸಂಸ್ಥೆ ಮುಂದೆ 'ರಿಂಗ್' ಎಂಬ ಹೆಸರು ಪಡೆಯಿತು. 2018ರಲ್ಲಿ ಅಮೆಜಾನ್ ಅದನ್ನು ಖರೀದಿಸಿತು.

ಬ್ಯಾಟರಿಯೇ ಏಕೆ?

ಅಮೆರಿಕದ ಮನೆಗಳಲ್ಲಿ ಕರೆಗಂಟೆಗೆ ಪ್ರತ್ಯೇಕವಾದ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಲ್ಲಿನ ತಂತಿಯಲ್ಲಿ ಹರಿಯುವುದು ಸಾಮಾನ್ಯವಾಗಿ 16ರಿಂದ 24 ವೋಲ್ಟ್ ಮಾತ್ರ. ನಮ್ಮ ಮನೆಗಳಲ್ಲಿ ಬೆಲ್ ಗುಂಡಿಗೆ ಬರುವುದು ಬಹುತೇಕ ನೇರವಾದ 230 ವೋಲ್ಟ್ ವಿದ್ಯುತ್. ವಿದೇಶದಿಂದ ತಂದ, ತಂತಿ ಜೋಡಿಸುವ ಬಗೆಯ ವಿಡಿಯೊ ಗಂಟೆಯನ್ನು ಹಳೆಯ ಬೆಲ್ಲಿನ ಜಾಗದಲ್ಲಿ ನೇರವಾಗಿ ಕೂರಿಸಿದರೆ ಸಾಧನ ಸುಟ್ಟುಹೋಗುವುದಲ್ಲದೆ ಜೀವಾಪಾಯವೂ ಸಂಭವಿಸಬಹುದು. ರಜೆಗೆ ಬರುವ ಮಕ್ಕಳು ಉಡುಗೊರೆಯಾಗಿ ಇದನ್ನು ತರುವುದುಂಟಾದ್ದರಿಂದ ಈ ಎಚ್ಚರಿಕೆ ಅಗತ್ಯ. ಬ್ಯಾಟರಿ ಮಾದರಿಯಲ್ಲಿ ಈ ತೊಡಕಿಲ್ಲ. ಬಾಡಿಗೆ ಮನೆಯವರಿಗೂ ಇದು ಅನುಕೂಲ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಕೆಲಸ ಮಾಡುವ ಬಗೆ

ಬ್ಯಾಟರಿ ಉಳಿಸುವ ಸಲುವಾಗಿ ಸಾಧನದ ಕ್ಯಾಮೆರಾ ಹೆಚ್ಚಿನ ಕಾಲ ನಿದ್ರಿಸುತ್ತಿರುತ್ತದೆ. ಎಚ್ಚರವಾಗಿರುವುದು ಚಲನೆ ಗುರುತಿಸುವ ಸಣ್ಣದೊಂದು ಸಂವೇದಕ ಮಾತ್ರ. ಮನುಷ್ಯ ಅಥವಾ ಪ್ರಾಣಿಯ ದೇಹದಿಂದ ಹೊರಡುವ ಅವಗೆಂಪು ಕಿರಣ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣ, ತನ್ನ ಎದುರು ಅತ್ತಿತ್ತ ಸರಿದಾಗ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಕ್ಯಾಮೆರಾ ಎದ್ದು, ವೈಫೈ ಸಂಪರ್ಕ ಸಾಧಿಸಿ, ದೃಶ್ಯವನ್ನು ಮೊಬೈಲಿಗೆ ತಲುಪಿಸುವ ಹೊತ್ತಿಗೆ ಕೆಲವು ಸೆಕೆಂಡುಗಳು ಕಳೆದಿರುತ್ತವೆ. ಪತ್ರಿಕೆ ಎಸೆದು ಹೋಗುವ ಹುಡುಗನ ಬೆನ್ನು ಮಾತ್ರ ದಾಖಲಾಗುವುದಕ್ಕೆ ಕಾರಣ ಇದೇ.

ಈ ಸಂವೇದಕಕ್ಕೆ ಎರಡು ಮಿತಿಗಳಿವೆ. ಒಂದು, ಎದುರಿನಿಂದ ನೇರವಾಗಿ ನಡೆದುಬರುವವರಿಗಿಂತ ಅಡ್ಡಲಾಗಿ ಸಾಗುವವರನ್ನು ಅದು ಬೇಗ ಗುರುತಿಸುತ್ತದೆ. ಎರಡು, ಸುತ್ತಲಿನ ಉಷ್ಣತೆ ದೇಹದ ಉಷ್ಣತೆಗೆ ಸಮೀಪಿಸಿದಾಗ ಅದಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರು ಭಾಗದಲ್ಲಿ ಮಧ್ಯಾಹ್ನದ ಹೊತ್ತು ಬಂದವರನ್ನು ಗಂಟೆ ಗಮನಿಸದಿದ್ದರೆ ಅದು ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

ಬ್ಯಾಟರಿಯ ಲೆಕ್ಕ

ಪೆಟ್ಟಿಗೆಯ ಮೇಲೆ 'ಆರು ತಿಂಗಳು' ಎಂದು ಮುದ್ರಿಸಿದ್ದರೂ ಕೆಲವು ಮನೆಗಳಲ್ಲಿ ಬ್ಯಾಟರಿ ಮೂರೇ ವಾರಕ್ಕೆ ಮುಗಿಯುತ್ತದೆ. ಇದರ ಹಿಂದಿರುವುದು ಸರಳ ಗಣಿತ. ಬ್ಯಾಟರಿಯ ಸಾಮರ್ಥ್ಯ 5,000 ಎಂಎಎಚ್ ಎಂದೂ, ಎಚ್ಚರವಾದ ಕ್ಯಾಮೆರಾ ಸುಮಾರು 250 ಮಿಲಿ ಆಂಪಿಯರ್ ವಿದ್ಯುತ್ ಸೆಳೆಯುತ್ತದೆ ಎಂದೂ ಉದಾಹರಣೆಗೆ ಇಟ್ಟುಕೊಳ್ಳಬಹುದು. ಅರ್ಧ ನಿಮಿಷದ ಒಂದು ದಾಖಲೆಗೆ ಸುಮಾರು 2 ಎಂಎಎಚ್ ಖರ್ಚಾಗುತ್ತದೆ. ನಿದ್ರೆಯಲ್ಲಿದ್ದಾಗಿನ ಖರ್ಚು ದಿನಕ್ಕೆ 15 ಎಂಎಎಚ್ ಎಂದುಕೊಂಡರೆ, ದಿನಕ್ಕೆ 10 ಬಾರಿ ಎಚ್ಚರವಾಗುವ ಗಂಟೆ ಸುಮಾರು ನಾಲ್ಕೂವರೆ ತಿಂಗಳು ಬಾಳುತ್ತದೆ. ದಿನಕ್ಕೆ 100 ಬಾರಿ ಎಚ್ಚರವಾದರೆ ಅದೇ ಬ್ಯಾಟರಿ ಸುಮಾರು 22 ದಿನಕ್ಕೆ ಬರಿದಾಗುತ್ತದೆ.

ಆದ್ದರಿಂದ ಬ್ಯಾಟರಿಯ ಆಯುಷ್ಯವನ್ನು ನಿರ್ಧರಿಸುವುದು ಮನೆಗೆ ಬರುವವರಿಗಿಂತ ಹೆಚ್ಚಾಗಿ ಮನೆಯ ಮುಂದೆ ಹಾದುಹೋಗುವವರು. ರಸ್ತೆಗೆ ಮುಖ ಮಾಡಿದ ಗಂಟೆ ಪ್ರತಿ ಸ್ಕೂಟರಿಗೂ, ಬೀದಿನಾಯಿಗೂ, ಹಸುವಿಗೂ ಏಳುತ್ತದೆ. ಮೊಬೈಲ್ ಆ್ಯಪ್‌ನಲ್ಲಿ 'ಚಲನೆಯ ವಲಯ' ಎಂಬ ಆಯ್ಕೆ ಇರುತ್ತದೆ. ಗೇಟಿನಿಂದ ಬಾಗಿಲಿನವರೆಗಿನ ಜಾಗವನ್ನಷ್ಟೇ ವಲಯವಾಗಿ ಗುರುತಿಸಿ ರಸ್ತೆಯನ್ನು ಬಿಟ್ಟರೆ ಬ್ಯಾಟರಿ ಉಳಿಯುತ್ತದೆ, ನೆರೆಯವರ ತಕರಾರೂ ತಪ್ಪುತ್ತದೆ. ಸಂವೇದನೆಯ ಮಟ್ಟವನ್ನು ತಗ್ಗಿಸುವುದು, ದಾಖಲೆಯ ಅವಧಿಯನ್ನು ಕಡಿಮೆ ಮಾಡುವುದು, ಪದೇ ಪದೇ ನೇರ ದೃಶ್ಯ ತೆರೆದು ನೋಡುವ ಅಭ್ಯಾಸ ಬಿಡುವುದು ಇನ್ನಿತರ ಉಪಾಯಗಳು. ದೂರದಲ್ಲಿರುವ ಮಕ್ಕಳು ಆತಂಕದಿಂದ ಗಂಟೆಗೊಮ್ಮೆ ಬಾಗಿಲನ್ನು ನೋಡುತ್ತಿದ್ದರೆ ಅದೂ ಬ್ಯಾಟರಿಯ ಖರ್ಚೇ.

ಇವುಗಳಲ್ಲಿ ಇರುವುದು ಲಿಥಿಯಂ ಅಯಾನ್ ಬ್ಯಾಟರಿ. ಅತಿಯಾದ ಶಾಖ ಇದರ ಶತ್ರು. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತಿದ್ದರೆ ಬ್ಯಾಟರಿಯ ಶಕ್ತಿ ವರ್ಷದಿಂದ ವರ್ಷಕ್ಕೆ ಬೇಗ ಕುಗ್ಗುತ್ತದೆ. ಪೂರ್ತಿ ಖಾಲಿಯಾಗುವವರೆಗೆ ಕಾಯದೆ, ಶೇ. 20ರ ಸುಮಾರಿಗೆ ಬಂದಾಗಲೇ ಚಾರ್ಜ್ ಮಾಡುವುದು ಉತ್ತಮ. ಉಬ್ಬಿದ ಬ್ಯಾಟರಿಯನ್ನು ಯಾವ ಕಾರಣಕ್ಕೂ ಚಾರ್ಜ್ ಮಾಡಬಾರದು.

ಕೊಳ್ಳುವಾಗ ಬ್ಯಾಟರಿಯನ್ನು ಪ್ರತ್ಯೇಕವಾಗಿ ಹೊರತೆಗೆಯಬಹುದೇ ಎಂದು ವಿಚಾರಿಸಬೇಕು. ಕೆಲವು ಮಾದರಿಗಳಲ್ಲಿ ಇಡೀ ಗಂಟೆಯನ್ನೇ ಗೋಡೆಯಿಂದ ಕಳಚಿ ಒಳಗೆ ತಂದು ಹಲವು ಗಂಟೆಗಳ ಕಾಲ ಚಾರ್ಜಿಗೆ ಇಡಬೇಕಾಗುತ್ತದೆ; ಅಷ್ಟು ಹೊತ್ತು ಬಾಗಿಲಿಗೆ ಗಂಟೆಯೇ ಇರುವುದಿಲ್ಲ. ಹೊರತೆಗೆಯುವ ಬ್ಯಾಟರಿಯಾದರೆ ಇನ್ನೊಂದನ್ನು ಸಿದ್ಧವಾಗಿಟ್ಟುಕೊಂಡು ಎರಡೇ ನಿಮಿಷದಲ್ಲಿ ಬದಲಾಯಿಸಬಹುದು. ಸಣ್ಣ ಸ್ಕ್ರೂ ಬಿಚ್ಚುವುದು, ಸ್ಟೂಲಿನ ಮೇಲೆ ಹತ್ತುವುದು ಹಿರಿಯರಿಗೆ ಅಪಾಯಕರವಾದ್ದರಿಂದ ಈ ಕೆಲಸ ಯಾರದೆಂಬುದು ಮೊದಲೇ ತೀರ್ಮಾನವಾಗಬೇಕು.

ಎಲ್ಲಿ ಅಳವಡಿಸಬೇಕು?

ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ ಸೂಕ್ತ. ಅದಕ್ಕಿಂತ ಮೇಲಿದ್ದರೆ ಬಂದವರ ತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಬಾಗಿಲಿನ ಮುಂದೆ ಮೆಟ್ಟಿಲುಗಳಿದ್ದರೆ ಗಂಟೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸುವ ಬೆಣೆಯನ್ನು ಹಿಂಬದಿಗೆ ಜೋಡಿಸಬಹುದು. ಪಕ್ಕದ ಗೋಡೆಗೆ ತೀರಾ ಸಮೀಪವಿದ್ದರೆ ರಾತ್ರಿ ಕ್ಯಾಮೆರಾದ ಅವಗೆಂಪು ಬೆಳಕು ಗೋಡೆಗೆ ಬಡಿದು ಹಿಂದಿರುಗಿ ಇಡೀ ದೃಶ್ಯ ಬಿಳುಚಿಕೊಳ್ಳುತ್ತದೆ. ಜಗಲಿಯ ದೀಪಕ್ಕೆ ಮುತ್ತುವ ಹುಳುಗಳು, ಅವನ್ನು ಅರಸಿ ಬರುವ ಹಲ್ಲಿ, ಲೆನ್ಸಿನ ಮೇಲೆ ಬಲೆ ಹೆಣೆಯುವ ಜೇಡ ಇವೆಲ್ಲ ದೃಶ್ಯವನ್ನು ಕೆಡಿಸುತ್ತವೆ. ವಾರಕ್ಕೊಮ್ಮೆ ಮೃದುವಾದ ಒಣಬಟ್ಟೆಯಿಂದ ಒರೆಸಿದರೆ ಸಾಕು.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲಕ್ಕೆ ಸಾಧನದ 'ಐಪಿ' ಸಂಖ್ಯೆಯನ್ನು ಗಮನಿಸಬೇಕು. ಐಪಿ65 ಎಂದಿದ್ದರೆ ಮೊದಲ ಅಂಕಿ ಧೂಳಿನಿಂದ ಪೂರ್ಣ ರಕ್ಷಣೆಯನ್ನೂ, ಎರಡನೆಯದು ಎಲ್ಲ ದಿಕ್ಕಿನಿಂದ ಚಿಮ್ಮುವ ನೀರಿನಿಂದ ರಕ್ಷಣೆಯನ್ನೂ ಸೂಚಿಸುತ್ತದೆ. ಆದರೂ ಸೂರಿನಡಿಯಲ್ಲಿ ಅಳವಡಿಸುವುದೇ ಲೇಸು. ಕಾಂಪೌಂಡಿನ ಗೇಟಿನ ಕಂಬಕ್ಕೆ ಹಾಕಿದರೆ ಮಳೆ, ಕಳ್ಳತನ, ವೈಫೈ ದೂರ ಈ ಮೂರೂ ತೊಂದರೆ ಒಟ್ಟಿಗೆ ಎದುರಾಗುತ್ತವೆ.

ವೈಫೈ ಮತ್ತು ವಿದ್ಯುತ್ ಕಡಿತ

ಕಬ್ಬಿಣದ ಗ್ರಿಲ್, ದಪ್ಪನೆಯ ಕೆಂಪುಕಲ್ಲಿನ ಗೋಡೆ, ಕಾಂಕ್ರೀಟು ಇವು ವೈಫೈ ಸಂಕೇತವನ್ನು ತಡೆಯುತ್ತವೆ. ಗೋಡೆ ದಾಟುವಲ್ಲಿ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ತರಂಗ ಸಮರ್ಥ. ಸಂಕೇತ ದುರ್ಬಲವಾದಷ್ಟೂ ಗಂಟೆ ಹೆಚ್ಚು ಹೆಣಗುತ್ತದೆ, ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ. ಗೋಡೆಗೆ ತೂತು ಕೊರೆಯುವ ಮೊದಲು ಬಾಗಿಲು ಮುಚ್ಚಿ ಅದೇ ಜಾಗದಲ್ಲಿ ಮೊಬೈಲ್ ಹಿಡಿದು ವಿಡಿಯೊ ಕರೆ ಮಾಡಿ ಪರೀಕ್ಷಿಸುವುದು ಸುಲಭದ ದಾರಿ.

ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಗಂಟೆ ಕೆಲಸ ಮಾಡುತ್ತದೆ ಎಂಬ ನಂಬಿಕೆ ಸಾಮಾನ್ಯ. ಇದು ಅರ್ಧಸತ್ಯ. ಗಂಟೆ ಎಚ್ಚರವಾಗಿರುತ್ತದೆ, ಆದರೆ ಮನೆಯೊಳಗಿನ ರೌಟರ್ ಆರಿರುತ್ತದೆ. ದೃಶ್ಯ ಮೊಬೈಲಿಗೆ ತಲುಪುವುದಿಲ್ಲ. ಒಳಗೆ ಸದ್ದು ಮಾಡುವ ಭಾಗವನ್ನು ಪ್ಲಗ್ಗಿಗೆ ಹಾಕಿದ್ದರೆ ಅದೂ ಮೌನ. ಮಳೆಗಾಲದ ರಾತ್ರಿ, ದಿನವಿಡೀ ಕರೆಂಟ್ ಇಲ್ಲದ ಹಳ್ಳಿಮನೆಯಲ್ಲಿ ಹೀಗಾಗುವುದೇ ಹೆಚ್ಚು. ಇನ್ವರ್ಟರ್ ಇದ್ದರೆ ರೌಟರನ್ನು ಅದಕ್ಕೆ ಸೇರಿಸಬೇಕು. ಇಲ್ಲದಿದ್ದರೆ ರೌಟರಿಗೆಂದೇ ದೊರೆಯುವ ಚಿಕ್ಕ ಯುಪಿಎಸ್ ಕೊಳ್ಳಬೇಕು. ಹಳೆಯ ಬೆಲ್ಲನ್ನೋ, ಚಿಲಕ ಬಡಿಯುವ ಪದ್ಧತಿಯನ್ನೋ ಕೈಬಿಡದಿರುವುದು ವಿವೇಕ.

ಡೇಟಾ ಬಳಕೆಯೂ ಗಮನಾರ್ಹ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಅರ್ಧ ನಿಮಿಷದ ದೃಶ್ಯ ಕಳುಹಿಸಲು ಏಳೂವರೆ ಎಂಬಿ ಬೇಕು. ದಿನಕ್ಕೆ 40 ದೃಶ್ಯಗಳಾದರೆ ತಿಂಗಳಿಗೆ ಸುಮಾರು 9 ಜಿಬಿ. ಮೊಬೈಲ್ ಡಾಂಗಲ್ ನೆಚ್ಚಿಕೊಂಡವರು ಈ ಲೆಕ್ಕ ಹಾಕಿಕೊಳ್ಳಬೇಕು.

ದೃಶ್ಯ ಎಲ್ಲಿ ಉಳಿಯುತ್ತದೆ?

ಕೆಲವು ಸಂಸ್ಥೆಗಳು ದೃಶ್ಯವನ್ನು ತಮ್ಮ ಸರ್ವರಿನಲ್ಲಿಟ್ಟು ಮಾಸಿಕ ಅಥವಾ ವಾರ್ಷಿಕ ಶುಲ್ಕ ಪಡೆಯುತ್ತವೆ. ಚಂದಾ ನಿಂತರೆ ನೇರ ದೃಶ್ಯ ಮಾತ್ರ ಉಳಿದು ಹಳೆಯದು ಸಿಗದಿರಬಹುದು. ಇನ್ನು ಕೆಲವು ಮಾದರಿಗಳು ಮೆಮೊರಿ ಕಾರ್ಡಿನಲ್ಲಿ ದಾಖಲಿಸುತ್ತವೆ. ಕಾರ್ಡ್ ಹೊರಗಿನ ಗಂಟೆಯಲ್ಲೇ ಇದ್ದರೆ ಕಳ್ಳ ಗಂಟೆಯ ಜತೆ ಸಾಕ್ಷ್ಯವನ್ನೂ ಒಯ್ಯುತ್ತಾನೆ. ಮನೆಯೊಳಗಿನ ಭಾಗದಲ್ಲಿದ್ದರೆ ಕ್ಷೇಮ.

ಸರ್ವರಿನಲ್ಲಿರುವ ದೃಶ್ಯವನ್ನು ಬೇರೆಯವರು ನೋಡಲಾರರೆಂಬ ಖಾತರಿ ಇಲ್ಲ. ಉದ್ಯೋಗಿಗಳು ಮತ್ತು ಗುತ್ತಿಗೆದಾರರು ಗ್ರಾಹಕರ ಖಾಸಗಿ ದೃಶ್ಯ ನೋಡಲು ಅವಕಾಶವಿತ್ತೆಂದೂ, ಖಾತೆಗಳಿಗೆ ಕನ್ನ ಹಾಕುವುದನ್ನು ತಡೆಯಲು ಸಾಕಷ್ಟು ಕ್ರಮ ಇರಲಿಲ್ಲವೆಂದೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಮೇ ತಿಂಗಳಲ್ಲಿ ರಿಂಗ್ ಸಂಸ್ಥೆಯ ವಿರುದ್ಧ ಆರೋಪ ಹೊರಿಸಿತು. 58 ಲಕ್ಷ ಡಾಲರ್ ನೀಡುವ ಒಪ್ಪಂದದೊಂದಿಗೆ ಪ್ರಕರಣ ಇತ್ಯರ್ಥವಾಯಿತು. ಬೇರೆಲ್ಲೂ ಬಳಸದ ಪಾಸ್‌ವರ್ಡ್, ಪಾಸ್‌ವರ್ಡ್ ಜತೆಗೆ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಕೇಳುವ ಎರಡು ಹಂತದ ಪರಿಶೀಲನೆ, ಕಾಲಕಾಲಕ್ಕೆ ತಂತ್ರಾಂಶ ಪರಿಷ್ಕರಣೆ ಈ ಮೂರು ಗ್ರಾಹಕರ ಕೈಯಲ್ಲಿರುವ ರಕ್ಷಣೆಗಳು. ಒಂದೇ ಪಾಸ್‌ವರ್ಡನ್ನು ಬಂಧುಬಳಗಕ್ಕೆಲ್ಲ ಹಂಚುವ ಬದಲು ಆ್ಯಪ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಖಾತೆ ನೀಡುವುದು ಒಳಿತು.

ನೆರೆಹೊರೆ ಮತ್ತು ಕಾನೂನು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬ ಸ್ವಂತ ಅಥವಾ ಗೃಹ ಬಳಕೆಗೆ ದತ್ತಾಂಶ ಬಳಸುವುದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಇದು ಎಲ್ಲದಕ್ಕೂ ಪರವಾನಗಿಯಲ್ಲ. ಒಂದೇ ಮನೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ವಸತಿ ಭಾಗದೊಳಗೆ ಸಿಸಿಟಿವಿ ನಡೆಸುವುದು ಖಾಸಗಿತನದ ಉಲ್ಲಂಘನೆ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಅಭಿಪ್ರಾಯಪಟ್ಟಿತು. ಅದರಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ ನಿರಾಕರಿಸಿತು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ನ್ಯಾಯಾಲಯ 2021ರಲ್ಲಿ ನೆರೆಹೊರೆಯವರ ಇಂಥದೇ ವ್ಯಾಜ್ಯವೊಂದನ್ನು ತೀರ್ಮಾನಿಸಿತು. ಅಲ್ಲಿ ಕ್ಯಾಮೆರಾ ನೋಡಿದ್ದಕ್ಕಿಂತಲೂ ಕೇಳಿಸಿಕೊಂಡದ್ದು ಹೆಚ್ಚಿನ ಆಕ್ಷೇಪಕ್ಕೆ ಗುರಿಯಾಯಿತು. ಮನೆಯ ರಕ್ಷಣೆಗೆ ಅಷ್ಟು ದೂರದ ಮಾತುಗಳ ದಾಖಲೆ ಬೇಕಿಲ್ಲ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಜಗಲಿಯ ಮೇಲೆ ಕುಳಿತು ಮಾತನಾಡುವುದು, ರಂಗೋಲಿ ಹಾಕುತ್ತ ಎದುರು ಮನೆಯವರೊಡನೆ ಸುಖದುಃಖ ಹಂಚಿಕೊಳ್ಳುವುದು ರೂಢಿಯಲ್ಲಿರುವ ನಮ್ಮ ಬೀದಿಗಳಿಗೆ ಈ ಮಾತು ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ. ಧ್ವನಿ ದಾಖಲೆಯನ್ನು ಆ್ಯಪ್‌ನಲ್ಲಿ ನಿಲ್ಲಿಸಬಹುದಾದರೆ ನಿಲ್ಲಿಸುವುದು, ಎದುರು ಮನೆಯ ಬಾಗಿಲು ಕಿಟಕಿಗಳನ್ನು ಮರೆಮಾಡುವ ಆಯ್ಕೆ ಬಳಸುವುದು, ಕ್ಯಾಮೆರಾ ಇದೆಯೆಂಬ ಚಿಕ್ಕ ಫಲಕ ಹಾಕುವುದು ಉತ್ತಮ ನಡವಳಿಕೆ. ಹಾಲಿನವರು, ಹೂವಿನವರು, ಮನೆಗೆಲಸದವರಿಗೂ ಬಾಯಿಮಾತಿನಲ್ಲಿ ತಿಳಿಸಬೇಕು. ದೃಶ್ಯವನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ 'ಕಳ್ಳ' ಎಂದು ಬರೆಯುವುದರಿಂದ ನಿರಪರಾಧಿಯ ಮಾನ ಹೋಗಬಹುದು. ಅನುಮಾನವಿದ್ದರೆ ಪೊಲೀಸರಿಗೆ ಒಪ್ಪಿಸುವುದೇ ಸರಿ.

ಮನೆಯ ಹಿರಿಯರು

ವಿಡಿಯೊ ಗಂಟೆ ಹಿರಿಯರಿಗೆ ನಿಜವಾದ ನೆರವು ನೀಡುವ ಸಂದರ್ಭಗಳಿವೆ. ಮಂಡಿನೋವಿರುವವರು ಎದ್ದು ಹೋಗದೆ ಬಂದವರನ್ನು ನೋಡಬಹುದು. ಗ್ಯಾಸ್ ಪರಿಶೀಲನೆ, ಬ್ಯಾಂಕ್ ಕೆಲಸ ಎಂದು ಹೇಳಿಕೊಂಡು ಬರುವ ಅಪರಿಚಿತರಿಗೆ ಬಾಗಿಲು ತೆರೆಯದೆಯೇ ಉತ್ತರಿಸಬಹುದು.

ಆದರೆ ಇದೇ ಕ್ಯಾಮೆರಾ ತಂದೆ ಎಷ್ಟು ಹೊತ್ತಿಗೆ ಹೊರಟರು, ಯಾರ ಜತೆ ಮಾತನಾಡಿದರು, ತಾಯಿ ಬಿಸಿಲಲ್ಲಿ ಏಕೆ ಹೋದರು ಎಂಬ ಲೆಕ್ಕವನ್ನೂ ಇಡುತ್ತದೆ. ಕಾಳಜಿಯಿಂದ ಕೇಳಿದ ಪ್ರಶ್ನೆ ದಿನಗಳೆದಂತೆ ಕಾವಲಾಗಿ ಪರಿಣಮಿಸಬಹುದು. ಯಾವಾಗ ನೋಡಬೇಕು, ಯಾವುದರ ಬಗ್ಗೆ ಕೇಳಬಾರದು ಎಂಬುದನ್ನು ಅಳವಡಿಸುವ ಮೊದಲೇ ಅಪ್ಪ ಅಮ್ಮನೊಡನೆ ಕುಳಿತು ಮಾತನಾಡಬೇಕು. ಬೇಡವೆಂದರೆ ಆ ಮಾತಿಗೂ ಬೆಲೆ ಇರಬೇಕು, ಬಾಗಿಲು ಅವರದು.

ಸಾಧನದ ಮಿತಿಯೂ ನೆನಪಿರಬೇಕು. ಮೈಸೂರಿನಲ್ಲಿ ಸಂಜೆ 4 ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ನಸುಕಿನ ಮೂರೂವರೆ ಅಥವಾ ಎರಡೂವರೆ. ಮಗ ನಿದ್ರೆಯಲ್ಲಿರುತ್ತಾನೆ. ಎಚ್ಚರವಿದ್ದರೂ ಆತ ಮಾಡಬಹುದಾದದ್ದು ನೋಡುವುದು, ಮಾತನಾಡುವುದು, ಫೋನ್ ಮಾಡುವುದು ಮಾತ್ರ. ಬಚ್ಚಲಲ್ಲಿ ಜಾರಿ ಬಿದ್ದ ತಾಯಿ ಬಾಗಿಲಿನ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಐದು ನಿಮಿಷದಲ್ಲಿ ಬಂದು ನಿಲ್ಲಬಲ್ಲ ನೆರೆಯವರೊಬ್ಬರ ಫೋನ್ ಸಂಖ್ಯೆ ಮಕ್ಕಳ ಬಳಿ ಇರುವುದು, ಒಂದು ಬೀಗದ ಕೈ ಅವರ ಮನೆಯಲ್ಲಿರುವುದು ಈ ಸಾಧನಕ್ಕಿಂತ ಮೊದಲು ಆಗಬೇಕಾದ ವ್ಯವಸ್ಥೆ.

ತಿಂಗಳಿಗೊಮ್ಮೆ ಗಮನಿಸಬೇಕಾದವು

- ಆ್ಯಪ್‌ನಲ್ಲಿ ಬ್ಯಾಟರಿಯ ಮಟ್ಟ ನೋಡುವುದು. ಚಾರ್ಜ್ ಮಾಡಲು ಊರಿನಲ್ಲೇ ಇರುವ ಒಬ್ಬರನ್ನು ಹೆಸರಿಸಿರುವುದು.
- ಹೊರಗಿನಿಂದ ಗುಂಡಿ ಒತ್ತಿ ಒಳಗೆ ಸದ್ದು ಕೇಳುವುದೇ, ಎಲ್ಲರ ಮೊಬೈಲಿಗೂ ಸೂಚನೆ ಹೋಗುವುದೇ ಎಂದು ಪರೀಕ್ಷಿಸುವುದು.
- ಮೇನ್ ಸ್ವಿಚ್ ಆರಿಸಿ, ಕರೆಂಟ್ ಇಲ್ಲದಾಗಲೂ ಗಂಟೆ ಕೆಲಸ ಮಾಡುವುದೇ ಎಂದು ನೋಡುವುದು.
- ಬೇಡವಾದ ಹಳೆಯ ದೃಶ್ಯಗಳನ್ನು ಅಳಿಸುವುದು. ಮನೆ ಬಿಟ್ಟವರ, ಕೆಲಸ ಬಿಟ್ಟವರ ಖಾತೆಗಳನ್ನು ತೆಗೆಯುವುದು.
- ಗಂಟೆಯನ್ನು ಮಾರುವ ಅಥವಾ ಬೇರೆಯವರಿಗೆ ಕೊಡುವ ಮೊದಲು ಖಾತೆಯಿಂದ ಅದರ ನಂಟು ಕಡಿಯುವುದು.
- ಕೆಟ್ಟ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರ ಮೇಲಿದೆ.

ತುರ್ತು ಸಂದರ್ಭಕ್ಕೆ 112, ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ಆನ್‌ಲೈನ್ ಹಣ ವಂಚನೆಯ ದೂರಿಗೆ 1930. ಈ ಮೂರು ಸಂಖ್ಯೆಗಳನ್ನು ನೆರೆಯವರ ಫೋನ್ ಸಂಖ್ಯೆಯ ಜತೆ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿನ ಒಳಬದಿಗೆ ಅಂಟಿಸುವುದು ಸೂಕ್ತ. ಅದಕ್ಕೆ ಬ್ಯಾಟರಿಯ ಅಗತ್ಯವಿಲ್ಲ.